ದೂರವೆಷ್ಟು, ಹೊತ್ತೆಷ್ಟು?

ದೆಹಲಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೂ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತಿನ ಪಯಣ? ಮೊದಲ ಪ್ರಶ್ನೆಗೆ ಉತ್ತರ ದೊರೆತರೆ ಎರಡನೆಯದಕ್ಕೆ ಒಂದು ಭಾಗಾಕಾರ ಸಾಕೆಂದು ತೋರುವುದು ಸಹಜ. ಆದರೆ ಆಕಾಶದ ಲೆಕ್ಕ ಅಷ್ಟು ಸರಳವಲ್ಲ.

ದೂರವನ್ನೇ ಮೊದಲು ನೋಡೋಣ. ಗೋಡೆಯ ಮೇಲಿನ ಭೂಪಟವನ್ನು ಇಲ್ಲಿ ನಂಬುವಂತಿಲ್ಲ. ಶಾಲೆಗಳಲ್ಲಿ ಇಟ್ಟಿರುವ ಗ್ಲೋಬನ್ನು ತೆಗೆದುಕೊಂಡು, ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ಎರಡೂ ಊರುಗಳು 38 ಡಿಗ್ರಿ ಉತ್ತರ ಅಕ್ಷಾಂಶದ ಕೆಳಗೇ ಇದ್ದರೂ ದಾರವು ಸೈಬೀರಿಯವನ್ನು ಹಾದು, 75 ಡಿಗ್ರಿಯವರೆಗೆ ಏರಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ಅದರ ಉದ್ದ ಸುಮಾರು 12,400 ಕಿಲೋಮೀಟರ್. ಬೆಂಗಳೂರಿನಿಂದ ಅಳೆದರೆ ಸುಮಾರು 14,000. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ತಂದದ್ದು ಉತ್ತರ ಧ್ರುವದ ಮೇಲಿಂದಲೇ.

ಇನ್ನು ಹೊತ್ತಿನ ಮಾತು. ಏರ್ ಇಂಡಿಯದ ದೆಹಲಿ ವಿಮಾನ ಮೊದಲು ಪಶ್ಚಿಮಾಭಿಮುಖವಾಗಿ, ಅಟ್ಲಾಂಟಿಕ್ ಮೇಲಿಂದ ಹೋಗುತ್ತಿತ್ತು: ಸುಮಾರು 13,900 ಕಿಲೋಮೀಟರ್, ಹದಿನಾರು ಗಂಟೆಗೂ ಮಿಕ್ಕಿದ ಪ್ರಯಾಣ. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೂರ್ವಕ್ಕೆ, ಪೆಸಿಫಿಕ್ ಮೇಲಕ್ಕೆ ತಿರುಗಿಸಿದರು. ದಾರಿ 15,300 ಕಿಲೋಮೀಟರಿಗೆ ಬೆಳೆಯಿತು. ಪ್ರಯಾಣ ಹದಿನಾಲ್ಕೂವರೆ ಗಂಟೆಗೆ ಇಳಿಯಿತು! ಮಗಳ ಬಾಣಂತನಕ್ಕೆಂದು ಹೊರಟ ತಾಯಿಯ ಊದಿದ ಕಾಲುಗಳಿಗೆ ಈ ಎರಡು ಗಂಟೆ ಸಣ್ಣ ಉಳಿತಾಯವಲ್ಲ.

ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎನ್ನುವವರುಂಟು. ಭೂಮಿಯೊಡನೆ ಗಾಳಿಯೂ ತಿರುಗುತ್ತದೆಯಾದ್ದರಿಂದ ಆ ವಾದ ನಿಲ್ಲದು. ನಿಜವಾದ ಕಾರಣ, ಹತ್ತು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ವಾಯುಪ್ರವಾಹ. ಗಂಟೆಗೆ ನೂರು, ಇನ್ನೂರು ಕಿಲೋಮೀಟರ್ ವೇಗದ ಈ ನದಿಯಲ್ಲಿ ವಿಮಾನವೊಂದು ದೋಣಿ. ತನ್ನ ಸುತ್ತಲಿನ ಗಾಳಿಗೆ ಹೋಲಿಸಿದರೆ ಅದರ ವೇಗ ಸದಾ ಸುಮಾರು 900. ಹೊಳೆಯೊಡನೆ ಸಾಗಿದರೆ ನೆಲದ ಲೆಕ್ಕದಲ್ಲಿ ಸಾವಿರ ದಾಟೀತು. ಎದುರೀಜಿದರೆ ಎಂಟುನೂರಕ್ಕೆ ಕುಸಿದೀತು.

ಗಡಿಯಾರದ ಚೇಷ್ಟೆ ಬೇರೆ. ಬೇಸಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನಸುಕಿನ ನಾಲ್ಕಕ್ಕೆ ದೆಹಲಿ ಬಿಟ್ಟು ಹದಿನಾಲ್ಕೂವರೆ ಗಂಟೆ ಹಾರಿದವರು ಅದೇ ತಾರೀಖಿನ ಬೆಳಗಿನ ಆರಕ್ಕೆ ಅಲ್ಲಿ ಇಳಿಯುತ್ತಾರೆ.

ಗಾಳಿಯಂತೆ ರಾಜಕೀಯವೂ ಹೊತ್ತನ್ನು ಅಳೆಯುತ್ತದೆ. 2022ರಲ್ಲಿ ರಷ್ಯವು ಯೂರೋಪಿನ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ಒಂಬತ್ತೂವರೆ ಗಂಟೆಯಷ್ಟಿದ್ದ ಹೆಲ್ಸಿಂಕಿ–ಟೋಕಿಯೊ ಪಯಣ ಹದಿಮೂರರ ಸಮೀಪಕ್ಕೆ ಹೋಯಿತು. ಊರುಗಳು ಇದ್ದಲ್ಲೇ ಇದ್ದವು.

ಇಂಥ ದಾರಿಗಳನ್ನು ಗೊತ್ತುಮಾಡುವವರು ಮತ್ತೊಂದನ್ನೂ ನೋಡಬೇಕು: ಯಂತ್ರ ಕೆಟ್ಟರೆ ಇಳಿಯಲು ಹತ್ತಿರದಲ್ಲಿ ನೆಲೆಯುಂಟೆ? 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನದ ಒಂದು ಎಂಜಿನ್ನಿನಲ್ಲಿ ತೊಂದರೆ ಕಂಡಿತು. 216 ಪ್ರಯಾಣಿಕರನ್ನೂ 16 ಸಿಬ್ಬಂದಿಯನ್ನೂ ಹೊತ್ತ ಅದು ರಷ್ಯದ ದೂರಪೂರ್ವದ ಮಗದಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಅವರನ್ನು ಮುಂದಕ್ಕೆ ಕರೆದೊಯ್ಯಲು ಭಾರತದಿಂದ ಇನ್ನೊಂದು ವಿಮಾನ ಹೋಗಬೇಕಾಯಿತು.