ಹಿಮ ತಳ್ಳುವುದು ಎಂಜಿನ್ ಅಲ್ಲ, ಟೈರು

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಮನೆ ಮಾಡಿದವರು ದಾರಿಯ ಹಿಮ ತೆಗೆಯಲು ಸಣ್ಣ ಟ್ರ್ಯಾಕ್ಟರ್ ಹುಡುಕುವಾಗ ಕೇಳುವ ಮೊದಲ ಪ್ರಶ್ನೆ: ಎಷ್ಟು ಎಚ್‌ಪಿ? 25 ಎಚ್‌ಪಿ, ಫೋರ್ ವೀಲ್ ಡ್ರೈವ್ ಎಂದು ಕೇಳಿದೊಡನೆ ನಿಶ್ಚಿಂತರಾಗುತ್ತಾರೆ. ಎಷ್ಟು ತಿದ್ದಿದರೂ ಅಳಿಯದ ಈ ನಂಬಿಕೆ ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ, ಏಕೆಂದರೆ ಇದು ಇಳಿಜಾರಿನಲ್ಲಿ ಜೀವಕ್ಕೇ ಕುತ್ತು ತರುತ್ತದೆ.

ಲೆಕ್ಕ ಹಾಕಿ. ನಡಿಗೆಯ ವೇಗದಲ್ಲಿ 25 ಎಚ್‌ಪಿ ಎಂಜಿನ್, ಗೇರಿನ ನಷ್ಟ ಕಳೆದರೂ, ಸಾವಿರ ಕೆಜಿಗೂ ಮಿಕ್ಕ ಬಲ ಕೊಡಬಲ್ಲದು. ಆದರೆ ಲೋಡರ್ ಸೇರಿ 1,000 ಕೆಜಿ ತೂಗುವ ಟ್ರ್ಯಾಕ್ಟರಿನ ಟೈರು, ಗಟ್ಟಿಯಾದ ಹಿಮದ ಮೇಲೆ ತನ್ನ ಭಾರದ ಐದನೇ ಒಂದು ಪಾಲಿನಷ್ಟು ಮಾತ್ರ ಹಿಡಿಯುತ್ತದೆ: 200 ಕೆಜಿ. ನೂರಕ್ಕೆ ಹತ್ತರ ಏರಿನಲ್ಲಿ ಅದರಲ್ಲಿ 100 ಕೆಜಿ ಗಾಡಿಯನ್ನು ಹತ್ತಿಸುವುದಕ್ಕೇ ಹೋಯಿತು. ಬರಿ ಮಂಜುಗಡ್ಡೆಯಾದರೆ ಹಿಡಿತ ಇನ್ನೂ ಅರ್ಧಕ್ಕಿಳಿಯುತ್ತದೆ. ಮಿಕ್ಕ ಎಚ್‌ಪಿಯೆಲ್ಲ ಚಕ್ರವನ್ನು ನಿಂತಲ್ಲೇ ತಿರುಗಿಸುತ್ತದೆ. ನಮ್ಮ ಗದ್ದೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೆಸರಿಗೆ ಇಳಿಯುವ ಮೊದಲು ಅವರು ಕೇಜ್‌ವೀಲ್ ಹಾಕುತ್ತಾರೆ. ಹಿಮದಲ್ಲಿ ಆ ಕೆಲಸ ಮಾಡುವುದು ಟೈರಿನ ಚೈನು, ಜೊತೆಗೆ ಹಿಂದೆ ಕಟ್ಟಿದ ಭಾರ.

ಇಳಿಯುವಾಗಿನ ಪಾಡು ಇನ್ನೂ ಕಷ್ಟ. ಬಹುಪಾಲು ಸಣ್ಣ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಮುಂದಿನ ಲೋಡರಿನ ಬಕೆಟ್ ತುಂಬಿಕೊಂಡು ಕೆಳಮುಖವಾಗಿ ಇಳಿದರೆ ಭಾರ ಮುಂದಕ್ಕೆ ಸರಿದು ಹಿಂದಿನ ಟೈರು ಹಗುರಾಗುತ್ತದೆ. ಬ್ರೇಕ್ ಒತ್ತಿದರೂ ಗಾಡಿ ಜಾರುತ್ತಲೇ ಹೋಗುತ್ತದೆ. ಫೋರ್ ವೀಲ್ ಡ್ರೈವ್ ಹಾಕಿದ್ದರೆ ಆ ಬ್ರೇಕು ಮುಂದಿನ ಚಕ್ರಗಳನ್ನೂ ಹಿಡಿಯುತ್ತದೆ. ಜನ ಮಾಡುವುದು ತದ್ವಿರುದ್ಧ: ಹತ್ತುವಾಗ ಹಾಕಿ, ಇಳಿಯುವಾಗ ತೆಗೆಯುತ್ತಾರೆ.

ಹಿಮ ಹಗುರ ಎಂಬುದು ಇನ್ನೊಂದು ಭ್ರಮೆ. ಒಣ ಹೊಸ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕೆಜಿ ತೂಗಿದರೆ, ಒದ್ದೆ ಹಿಮ 300 ಕೆಜಿ ಮುಟ್ಟಬಹುದು. ಶಾಂತಸಾಗರದ ತೇವ ಹೊತ್ತು ಬೀಳುವ ಸಿಯೆರಾದ ಹಿಮಕ್ಕೆ 'ಸಿಯೆರಾ ಸಿಮೆಂಟ್' ಎಂಬ ಹೆಸರೇ ಇದೆ. 30 ಮೀಟರ್ ಉದ್ದ, 4 ಮೀಟರ್ ಅಗಲದ ಮನೆದಾರಿಯಲ್ಲಿ 60 ಸೆಂಟಿಮೀಟರ್ ಬಿತ್ತೆಂದರೆ, ಒದ್ದೆಯಾದಾಗ ಅದು 21 ಟನ್ನಿಗೂ ಹೆಚ್ಚು. ಡಾನರ್ ಪಾಸ್ ಬಳಿಯ ಹಿಮ ಪ್ರಯೋಗಾಲಯ 2022–23ರ ಚಳಿಗಾಲದಲ್ಲಿ ಅಳೆದ ಒಟ್ಟು ಹಿಮಪಾತ 754 ಇಂಚು, ಅಂದರೆ ಸುಮಾರು 19 ಮೀಟರ್.

ಹಿಮ ಬೀಳುವುದು ಪೂರ್ತಿ ನಿಂತ ಮೇಲೆ ಒಮ್ಮೆಗೇ ತೆಗೆದರಾಯಿತು ಎಂಬುದೂ ಸುಳ್ಳು. ಕದಡಿದ ಹಿಮದ ಕಣಗಳು ಕೆಲವೇ ಗಂಟೆಗಳಲ್ಲಿ ಬೆಸೆದುಕೊಂಡು ಗೋಡೆಯಾಗುತ್ತವೆ. ಕರಗಿಸಲು ಎರಚುವ ಉಪ್ಪೂ ಎಲ್ಲ ಚಳಿಗೂ ಆಗುವುದಿಲ್ಲ: ಮೈನಸ್ 10 ಡಿಗ್ರಿಯ ಕೆಳಗೆ ಅಡುಗೆ ಉಪ್ಪಿನಿಂದ ಹೆಚ್ಚು ಪ್ರಯೋಜನವಿಲ್ಲ. ಎಚ್‌ಪಿ ನಿಜಕ್ಕೂ ಬೆಲೆಬಾಳುವುದು ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಒಯ್ಯುವ ದಂಡ) ತಿರುಗಿಸುವ ಬ್ಲೋವರಿಗೆ, ಏಕೆಂದರೆ ಅದು ಹಿಮವನ್ನು ತಳ್ಳದೆ ಎತ್ತಿ ದೂರ ಎಸೆಯುತ್ತದೆ.

ಇಷ್ಟೆಲ್ಲ ತಿಳಿಹೇಳಿದರೂ ಜನ ನಂಬುವುದು ಸಮತಟ್ಟು ಜಾಗದಲ್ಲಿ ಹಿಟ್ಟಿನಂಥ ಹಿಮ ಹಾರಿಸುವ ಅರ್ಧ ನಿಮಿಷದ ವಿಡಿಯೊವನ್ನು. ಕಣ್ಣಿಗೆ ಕಂಡದ್ದೇ ಪ್ರಮಾಣ ಎಂದುಕೊಂಡು ತಿಂಗಳುಗಟ್ಟಲೆ ದುಡಿದ ದುಡ್ಡು ಸುರಿಯುತ್ತಾರೆ. ಆ ಗಾಡಿಯ ತೂಕವೆಷ್ಟು, ಹಿಂದೆ ಏನು ಕಟ್ಟಿದ್ದಾರೆ, ಚೈನು ಹಾಕಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಜಾಗ ಉಳಿಯುತ್ತದೆಯೇ ಎಂದು ಮಾರುವವರನ್ನು ಕೇಳುವವರು ತೀರ ಕಡಿಮೆ.