ಐವತ್ತಕ್ಕೆ ಒಂದು

ಘಟ್ಟದ ಮಳೆನೀರು ಒಂದೆಡೆ ಮೆಲ್ಲನೆ ಹರಿದು, ಇನ್ನೊಂದೆಡೆ ಬಂಡೆಯಿಂದ ಧುಮುಕುತ್ತದೆ. ರೈಲುಗಾಡಿಗೆ ಆ ಸ್ವಾತಂತ್ರ್ಯವಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಇಳಿಜಾರು ಮಿತಿಮೀರಿದರೆ ಏರುವ ಗಾಡಿಯ ಗಾಲಿಗಳು ಜಾರುತ್ತವೆ; ಇಳಿಯುವ ಗಾಡಿಯನ್ನು ತಡೆದು ನಿಲ್ಲಿಸುವುದು ಕಷ್ಟವಾಗುತ್ತದೆ.

ಹಾಸನ–ಮಂಗಳೂರು ರೈಲುಮಾರ್ಗವು 1979ರಲ್ಲಿ ಪೂರ್ಣಗೊಂಡಿತು. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ದಾರಿ. ಇಲ್ಲಿ ಇಳಿಜಾರಿನ ಮಿತಿ ‘ಐವತ್ತಕ್ಕೆ ಒಂದು’. ಆ ಮಿತಿಯನ್ನು ಕಾಯುವುದಕ್ಕಾಗಿಯೇ ಹಳಿಯು ಬೆಟ್ಟಗಳನ್ನು ಬಳಸಿ, 57 ಸುರಂಗಗಳನ್ನು ಹಾದು ಸಾಗುತ್ತದೆ.

ಐವತ್ತಕ್ಕೆ ಒಂದು ಎಂದರೇನು? 50 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿಯುತ್ತೇವೆ ಎಂದರ್ಥ. ಇಳಿಜಾರು ಹಾಗೆಯೇ ಮುಂದುವರಿದರೆ 100 ಮೀಟರಿಗೆ 2, 500 ಮೀಟರಿಗೆ 10, 1000 ಮೀಟರಿಗೆ 20 ಮೀಟರ್ ಇಳಿತ. ಸಂಖ್ಯೆಗಳು ಬೆಳೆದರೂ ಅವುಗಳ ಅನುಪಾತ ಬದಲಾಗಲಿಲ್ಲ. ಇದೇ ಸ್ಥಿರ ಇಳಿಜಾರು. ಗಣಿತದಲ್ಲಿ ಇದಕ್ಕೆ ಪ್ರವಣತೆ ಎಂಬ ಹೆಸರೂ ಉಂಟು.

ಈ ದಾರಿಯನ್ನು ಕಾಗದದ ಮೇಲೆ ಸರಳರೇಖೆಯಾಗಿ ಬರೆಯಿರಿ. ರೇಖೆಯ ಯಾವುದೇ ಎರಡು ಬಿಂದುಗಳ ನಡುವೆ ಅಡ್ಡಗೆರೆ ಮತ್ತು ಲಂಬಗೆರೆಗಳನ್ನೆಳೆದು ತ್ರಿಭುಜ ಮಾಡಿರಿ. ತ್ರಿಭುಜ ಕಿರಿದಾಗಲಿ ಹಿರಿದಾಗಲಿ, ಕೋನಗಳು ಅವೇ. ಅವು ಸಮರೂಪ ತ್ರಿಭುಜಗಳಾದುದರಿಂದ ಬಾಹುಗಳ ಅನುಪಾತವೂ ಒಂದೇ.

‘ಈ ರೇಖೆಯಲ್ಲಿ ಇಳಿಜಾರು ಎಲ್ಲಿ ಹೆಚ್ಚು?’ ಎಂದು ನಾನು ತರಗತಿಯಲ್ಲಿ ಕೇಳಿದಾಗಲೆಲ್ಲ ಹಲವರು ರೇಖೆಯ ತುದಿಯನ್ನು ತೋರಿಸುತ್ತಿದ್ದರು. ತುದಿಯಲ್ಲಿ ಹೆಚ್ಚಿರುವುದು ಎತ್ತರ, ಇಳಿಜಾರಲ್ಲ. ಎತ್ತರವು ಒಂದು ಬಿಂದುವಿನ ಮಾತು. ಇಳಿಜಾರು ಎರಡು ಬಿಂದುಗಳ ನಡುವಣ ಮಾತು.

ಇನ್ನೊಂದು ಎಚ್ಚರಿಕೆ ಬೇಕು. ಒಂದು ದಾರಿಯು 1000 ಮೀಟರಿನಲ್ಲಿ 20 ಮೀಟರ್ ಇಳಿದು, ಮುಂದಿನ 1000 ಮೀಟರ್ ಸಮತಟ್ಟಾಗಿದೆಯೆನ್ನೋಣ. ಒಟ್ಟು ಲೆಕ್ಕದಲ್ಲಿ ಇಳಿಜಾರು ನೂರಕ್ಕೆ ಒಂದು. ಆದರೆ ದಾರಿಯ ಯಾವ ಭಾಗವೂ ನೂರಕ್ಕೆ ಒಂದರಂತೆ ಇಳಿದಿಲ್ಲ! ಇದು ಬರಿಯ ಸರಾಸರಿ. ಅದನ್ನೇ ನಂಬಿದ ಚಾಲಕನು ಮೊದಲರ್ಧದಲ್ಲಿಯೇ ಅಪಾಯಕ್ಕೆ ಸಿಲುಕುವನು. ಸರಾಸರಿಯನ್ನು ಸ್ಥಿರವೆಂದು ತಿಳಿಯಬಾರದು.

ಅಡ್ಡಗೆರೆಯಲ್ಲಿ ದೂರದ ಬದಲು ಕಾಲವನ್ನು ಗುರುತಿಸಿದರೆ ಇದೇ ವಿಚಾರ ‘ಬದಲಾವಣೆಯ ದರ’ವಾಗುತ್ತದೆ. ಬರಿದಾದ ತೊಟ್ಟಿಗೆ 10 ನಿಮಿಷದಲ್ಲಿ 200 ಲೀಟರ್, 20 ನಿಮಿಷದಲ್ಲಿ 400 ಲೀಟರ್, ಹೀಗೆ ಒಂದೇ ಸಮನೆ ನೀರು ಬಿದ್ದರೆ, ದರವು ನಿಮಿಷಕ್ಕೆ 20 ಲೀಟರ್. ಅದರ ನಕ್ಷೆ ಸರಳರೇಖೆ; ಆ ರೇಖೆಯ ಇಳಿಜಾರೇ 20. ತೊಟ್ಟಿಯು ಬರಿದಾಗುತ್ತಿದ್ದರೆ ದರವು ಋಣಸಂಖ್ಯೆ; ನೀರಿನ ಮಟ್ಟ ಬದಲಾಗದಿದ್ದರೆ ಸೊನ್ನೆ.

ಎಲ್ಲ ಬದಲಾವಣೆಯೂ ಹೀಗೆ ಏಕರೀತಿಯದಲ್ಲ. ಮೊದಲ ವರ್ಷದಲ್ಲಿ ಬೆಳೆದಷ್ಟೇ ವೇಗದಲ್ಲಿ ಮಗುವು ಹತ್ತನೆಯ ವರ್ಷದಲ್ಲಿ ಬೆಳೆಯುವುದಿಲ್ಲ. ಆದುದರಿಂದ ಏರಿತು, ಇಳಿಯಿತು ಎಂಬ ಸುದ್ದಿ ಕಿವಿಗೆ ಬಿದ್ದಾಗ ‘ಎಷ್ಟು?’ ಎಂದು ಕೇಳಿ ಸುಮ್ಮನಾಗದಿರಿ. ‘ಎಷ್ಟಕ್ಕೆ ಎಷ್ಟು? ಎಲ್ಲೆಡೆಯೂ ಅಷ್ಟೆಯೇ?’ ಎಂದು ಕೇಳಿರಿ. ಘಟ್ಟವನ್ನು ಇಳಿಯುವ ಗಾಡಿಯ ಕ್ಷೇಮವು ಈ ಎರಡು ಪ್ರಶ್ನೆಗಳ ಉತ್ತರದಲ್ಲಿದೆ.