ಕೆರೆಗೆ ತಕ್ಕ ಬಲೆ, ಮೀನಿಗೆ ತಕ್ಕ ಕಣ್ಣು: ಮೀನು ಪಾಶುವಾರು ಕರಾರಿನಲ್ಲಿ ಗಮನಿಸಬೇಕಾದ ಅಂಶಗಳು



ಕೆರೆಗಳು ತುಂಬಿದೊಡನೆ ಗ್ರಾಮ ಪಂಚಾಯತಿಗಳಲ್ಲಿ ಮೀನು ಪಾಶುವಾರು ಹರಾಜಿನ ಪ್ರಸ್ತಾಪ ಬರುತ್ತದೆ. ಹರಾಜಿನ ಮೊತ್ತದ ಬಗ್ಗೆ ಸಭೆಯಲ್ಲಿ ದೀರ್ಘ ಚರ್ಚೆ ನಡೆಯುತ್ತದೆ. ಯಾವ ಬಲೆಯಿಂದ ಹಿಡಿಯಬೇಕೆಂಬ ಮಾತು ಬರುವುದು ವಿರಳ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಕೆರೆಯಲ್ಲಿರುವ ಇಂತಹ ಪ್ರತಿ ಮೀನೂ ಹಣ ಕೊಟ್ಟು ಬಿತ್ತಿದ್ದು. ಅದು ಬೆಳೆಯುವ ಮುನ್ನವೇ ಸಣ್ಣ ಕಣ್ಣಿನ ಬಲೆಗೆ ಬಿದ್ದರೆ ನಷ್ಟ ಮೀನುಗಾರನಿಗೂ ಹೌದು, ಊರಿಗೂ ಹೌದು.

ಹಿಡಿಯುವ ಸಾಧನವು ಜೀವಿಯ ಸ್ವಭಾವವನ್ನು ಅನುಸರಿಸಬೇಕು. ಕಡಲಿನಲ್ಲಿ ಬೊಂಡಾಸ್ ಹಿಡಿಯಲು ಸುತ್ತಲೂ ಮುಳ್ಳುಗಳಿರುವ, ಎರೆಯಿಲ್ಲದ ಗಾಳವನ್ನು ಕುಣಿಸುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ಕೆರೆಗಳಿಗೆ ಆ ಗಾಳ ಬೇಡ. ಆ ವಿವೇಕ ಬೇಕು.

1. ಕಣ್ಣಿನ ಅಳತೆ: ಬಲೆಯ ಒಂದು ಕಣ್ಣನ್ನು ಬಿಗಿಯಾಗಿ ಎಳೆದು, ಎದುರುಬದುರಿನ ಎರಡು ಗಂಟುಗಳ ನಡುವಿನ ಅಂತರವನ್ನು ಅಳೆಯಬೇಕು. ಅಕ್ಕಪಕ್ಕದ ಗಂಟುಗಳ ಅಂತರ ಇದರ ಅರ್ಧದಷ್ಟೇ ಇರುತ್ತದೆ. ಕರಾರಿನಲ್ಲಿ ಯಾವ ಅಳತೆ ಎಂದು ಬರೆಯದಿದ್ದರೆ ವಿವಾದ ಖಚಿತ.

ಹಿಡಿಯಬೇಕಾದ ಗಾತ್ರದ ಒಂದು ಮೀನಿನ ಕಿವಿರಿನ ಹಿಂದೆ ದಾರ ಸುತ್ತಿ ಅಳೆಯಿರಿ. ಅದರ ಅರ್ಧಕ್ಕಿಂತ ತುಸು ಹೆಚ್ಚಿನ ಕಣ್ಣು ಸೂಕ್ತ. ದಾರ 20 ಸೆಂ.ಮೀ. ಇದ್ದರೆ, ಎಳೆದ ಕಣ್ಣು 10 ಸೆಂ.ಮೀ.ಗಿಂತ ಕಿಂಚಿತ್ ಹೆಚ್ಚಿರಲಿ. ಆಗ ಸಣ್ಣ ಮೀನು ನುಸುಳಿ ಹೋಗುತ್ತದೆ, ಬಲಿತದ್ದು ಕಿವಿರಿನ ಬಳಿ ಸಿಲುಕುತ್ತದೆ. ನಿಂತ ಬಲೆಗೆ ಈ ಲೆಕ್ಕ ಸಲ್ಲುತ್ತದೆ. ಎಳೆಬಲೆ, ಬೀಸುಬಲೆಗಳು ಗಾತ್ರ ನೋಡದೆ ಬಾಚುವುದರಿಂದ ಸಿಕ್ಕ ಮರಿಗಳನ್ನು ಜೀವಂತವಾಗಿ ನೀರಿಗೆ ಬಿಡಬೇಕು.

2. ನೀರಿನ ಮಟ್ಟ: ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಬೆಂಡು ಹೆಚ್ಚಿಸಿದರೆ ಬಲೆ ಮೇಲೆ ನಿಲ್ಲುತ್ತದೆ, ಸೀಸದ ಗುಂಡು ಹೆಚ್ಚಿಸಿದರೆ ತಳ ಸೇರುತ್ತದೆ. ಇಡೀ ಕೆರೆಗೆ ಒಂದೇ ಬಲೆ ಹಾಕಿ ಮೀನಿಲ್ಲವೆಂದು ದೂರುವುದು ಸರಿಯಲ್ಲ.

3. ಗಾಳ: ಕೊರವದಂತಹ ಬೇಟೆಗಾರ ಮೀನುಗಳು ಬಿತ್ತನೆ ಮರಿಗಳನ್ನು ತಿನ್ನುತ್ತವೆ. ಬಿತ್ತನೆಗೆ ಮೊದಲು ಎರೆ ಕಟ್ಟಿದ ಗಾಳಗಳಿಂದ ಇವನ್ನು ಹಿಡಿಯುವುದು ಲಾಭಕರ. ಈ ಮೀನಿಗೆ ಒಳ್ಳೆಯ ಬೆಲೆಯೂ ಉಂಟು.

4. ಬತ್ತುವ ಕೆರೆ: ಬೇಸಿಗೆಯಲ್ಲಿ ಬತ್ತುವ ಕೆರೆಗೆ ಕಣ್ಣಿನ ನಿರ್ಬಂಧ ಹೇರಿದರೆ ಮೀನು ಕೆಸರಿನಲ್ಲಿ ಸಾಯುತ್ತದೆ. ಅಲ್ಲಿ ಬಲಿತ ಮರಿಯನ್ನೇ ಬಿತ್ತಿ, ನೀರು ಇಳಿದಾಗ ಎಳೆಬಲೆಯಿಂದ ಪೂರ್ಣವಾಗಿ ಹಿಡಿಯುವುದೇ ಸರಿ. ವರ್ಷವಿಡೀ ನೀರು ನಿಲ್ಲುವ ಕೆರೆಗೆ ಮಾತ್ರ ನಿರ್ಬಂಧ ಕಡ್ಡಾಯವಿರಲಿ.

5. ಕರಾರಿನ ಷರತ್ತು: ಮಳೆಗಾಲದಲ್ಲಿ ಹಳ್ಳ ಕೆರೆಗೆ ಸೇರುವ ಬಾಯಿಯಲ್ಲಿ ಬಲೆ ಅಡ್ಡಗಟ್ಟಬಾರದು, ಏರಿ ಬರುವ ನಾಡಮೀನುಗಳ ಸಂತತಿ ಅಲ್ಲಿಯೇ ನಾಶವಾಗುತ್ತದೆ. ಹರಿದ ನೈಲಾನ್ ಬಲೆಯನ್ನು ನೀರಿನಲ್ಲಿ ಬಿಡಬಾರದು. ಅದು ಕೊಳೆಯುವುದಿಲ್ಲ, ಆಮೆ ಮತ್ತು ನೀರುಹಕ್ಕಿಗಳನ್ನು ಕೊಲ್ಲುತ್ತಲೇ ಇರುತ್ತದೆ. ಸಿಡಿಮದ್ದು, ವಿಷಗಳ ಬಳಕೆ ಕಾನೂನಿನ ಪ್ರಕಾರ ಅಪರಾಧ.

ಹರಾಜಿಗೆ ಮೊದಲು ಕೆರೆಯ ನೀರು ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದನ್ನು ಊರಿನ ಮೀನುಗಾರರಿಂದ ಕೇಳಿ, ತಾಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳ ಸಲಹೆ ಪಡೆದು, ಕಣ್ಣಿನ ಅಳತೆಯನ್ನು ಸಾಮಾನ್ಯ ಸಭೆಯ ನಡವಳಿಯಲ್ಲಿ ದಾಖಲಿಸಲು ಕೋರಲಾಗಿದೆ.